ಜಾತ್ರೆ, ನಾಟಕ, ಉರುಮೆ, ಹಾಡು: ದಾವಣಗೆರೆ–ಚಿತ್ರದುರ್ಗ ಸೀಮೆಗೆ ಬರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ದೀಪಾವಳಿ ಕಳೆದು ಮೆಕ್ಕೆಜೋಳ ಕಣ ಸೇರುವ ಹೊತ್ತಿಗೆ ನನಗೆ ಫೋನುಗಳು ಶುರುವಾಗುತ್ತವೆ. ಬೆಂಗಳೂರು ಸೇರಿದ ನಮ್ಮೂರ ಹುಡುಗರು, ಜಾನಪದ ಓದುವ ವಿದ್ಯಾರ್ಥಿಗಳು, ಮೊಮ್ಮಕ್ಕಳಿಗೆ ಒಂದು ಬಯಲಾಟ ತೋರಿಸಬೇಕೆನ್ನುವ ಹಿರಿಯರು. ಎಲ್ಲರೂ ಕೇಳುವುದು ಹೆಚ್ಚುಕಮ್ಮಿ ಅದೇ ಮಾತು: ಯಾವಾಗ, ಎಲ್ಲಿ, ಹೇಗೆ ಹೋಗಬೇಕು? ಬಹಳ ವರ್ಷದಿಂದ ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕಿಕೊಂಡು ಈ ಎರಡೂ ಜಿಲ್ಲೆ ಸುತ್ತುತ್ತಿದ್ದೇನೆ. 1997ರವರೆಗೆ ಇವೆರಡರ ಬಹುಭಾಗ ಒಂದೇ ಜಿಲ್ಲೆ. ನಮ್ಮ ಹಾಡು-ಕುಣಿತಕ್ಕೆ ಇವತ್ತಿಗೂ ಒಂದೇ.

ಈ ಸಲದ ಕಾರ್ಯಕ್ರಮಗಳ ತಾರೀಖು ಒಂದೇ ಪಟ್ಟಿಯಲ್ಲಿ ಸಿಗುತ್ತದಾ?

ಸಿಗುವುದಿಲ್ಲ. ನಮ್ಮಲ್ಲಿ ಬಹುಪಾಲು ನಡೆಯುವುದು ತಿಥಿ, ನಕ್ಷತ್ರ, ವಾರ ನೋಡಿ. ತಾರೀಖು ಪ್ರತಿ ವರ್ಷ ಜಾರುತ್ತದೆ, ಆದರೆ ಲೆಕ್ಕ ಜಾರುವುದಿಲ್ಲ. ಆ ಲೆಕ್ಕ ಗೊತ್ತಿದ್ದರೆ ಪಂಚಾಂಗವೇ ನಿಮಗೆ ಪಟ್ಟಿ.

ಭಾದ್ರಪದದ ಮಂಗಳವಾರ ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರ ಮಾರಮ್ಮನ ಜಾತ್ರೆ. ಜನ ಈರುಳ್ಳಿ ತೂರಿ ಹರಕೆ ತೀರಿಸುತ್ತಾರೆ, ಏಕೆಂದರೆ ಈರುಳ್ಳಿಯೇ ಈ ನೆಲದ ಬೆಳೆ. ದಸರೆಗೆ ಚಿತ್ರದುರ್ಗದ ಮುರುಘಾಮಠದಲ್ಲಿ ಶರಣ ಸಂಸ್ಕೃತಿ ಉತ್ಸವ. ನವೆಂಬರ್ ಮೊದಲ ವಾರದ ಆಸುಪಾಸಿನಲ್ಲಿ ಸಾಣೇಹಳ್ಳಿಯ ನಾಟಕೋತ್ಸವ. ಮಾಘದ ಹುಣ್ಣಿಮೆಗೆ ತರಳಬಾಳು ಹುಣ್ಣಿಮೆ. ಅದೇ ಮಾಘದಲ್ಲಿ ಹಿರಿಯೂರಿನ ತೇರುಮಲ್ಲೇಶ್ವರನ ತೇರು. ಫೆಬ್ರುವರಿ 8, 9ಕ್ಕೆ ಹರಿಹರ ತಾಲ್ಲೂಕಿನ ರಾಜನಹಳ್ಳಿಯಲ್ಲಿ ವಾಲ್ಮೀಕಿ ಜಾತ್ರೆ, 15ರ ಹೊತ್ತಿಗೆ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಸೇವಾಲಾಲ್ ಜಯಂತಿ. ಈ ಎರಡು ಇಂಗ್ಲಿಷ್ ತಾರೀಖಿಗೆ ನಿಂತಿವೆ. ಹೋಳಿ ಹುಣ್ಣಿಮೆ ಕಳೆದ ಒಂದೆರಡು ದಿನಕ್ಕೆ, ಚಿತ್ತಾ ನಕ್ಷತ್ರ ಕೂಡಿದಾಗ, ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ದೊಡ್ಡ ರಥ. ಅಲ್ಲಿಂದ ಯುಗಾದಿ ದಾಟಿ ಮುಂಗಾರು ಬೀಳುವವರೆಗೆ ಊರೂರಿನ ಹಬ್ಬ, ಊರೂರಿನ ನಾಟಕ. ಅವುಗಳ ಲೆಕ್ಕ ಇಡುವುದು ಯಾರಿಂದಲೂ ಆಗದ ಕೆಲಸ.

ಒಂದು ಎಚ್ಚರಿಕೆ. ಮೊಬೈಲಿನಲ್ಲಿ ಹರಿದಾಡುವ ಕರಪತ್ರ ಎಷ್ಟೋ ಸಲ ಹೋದ ವರ್ಷದ್ದಾಗಿರುತ್ತದೆ. ಒಮ್ಮೆ ಹಾಗೇ ನಂಬಿ ನಾಯಕನಹಟ್ಟಿಗೆ ಒಂದು ದಿನ ತಡವಾಗಿ ಹೋದೆ. ತೇರು ನೆಲೆ ಸೇರಿತ್ತು, ಕೊಬ್ಬರಿ ಸುಟ್ಟ ಬೂದಿ ಇನ್ನೂ ಬೆಚ್ಚಗಿತ್ತು, ಉರುಮೆಯವರು ವಾದ್ಯಗಳನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿಗೆ ಕಾಯುತ್ತಿದ್ದರು. ಅಂದಿನಿಂದ ಹೊರಡುವ ಮುಂಚೆ ಆ ಊರಿನ ಯಾರಿಗಾದರೂ ಒಂದು ಫೋನು ಮಾಡದೆ ಹೋಗುವುದಿಲ್ಲ.

ಮೊದಲ ಸಲ ಬರುತ್ತಿದ್ದೇವೆ. ಎಲ್ಲಿಂದ ಶುರು ಮಾಡುವುದು?

ಸಾಣೇಹಳ್ಳಿಯಿಂದ. ಹೊಸದುರ್ಗ ತಾಲ್ಲೂಕಿನ ಸಣ್ಣ ಹಳ್ಳಿ ಅದು. ಅಲ್ಲಿನ ಶ್ರೀಮಠದ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ 1987ರಲ್ಲಿ ಶಿವಕುಮಾರ ಕಲಾಸಂಘ ಕಟ್ಟಿದರು. 1997ರಲ್ಲಿ ಶಿವಸಂಚಾರ ಎಂಬ ತಿರುಗಾಟದ ತಂಡ ಹುಟ್ಟಿತು. ವರ್ಷಕ್ಕೆ ಮೂರು ಹೊಸ ನಾಟಕ ಕಟ್ಟುತ್ತಾರೆ, ನಾಟಕೋತ್ಸವದಲ್ಲಿ ಮೊದಲ ಪ್ರದರ್ಶನ ಕೊಡುತ್ತಾರೆ, ಆಮೇಲೆ ಸೀನರಿ, ದೀಪ, ಪೆಟ್ಟಿಗೆಗಳನ್ನೆಲ್ಲ ವಾಹನಕ್ಕೇರಿಸಿ ನಾಡು ಸುತ್ತಲು ಹೊರಡುತ್ತಾರೆ.

ಅಲ್ಲಿನ ಬಯಲು ರಂಗಮಂದಿರದಲ್ಲಿ ಅರ್ಧಚಂದ್ರಾಕಾರದ ಮೆಟ್ಟಿಲ ಮೇಲೆ ಕೂತು ನೋಡಿ. ಅಡಿಕೆ, ತೆಂಗು, ರಾಗಿಯ ಮನೆಗಳಿಂದ ಬಂದ ಜನ ಕೂತಿರುತ್ತಾರೆ. ಗಂಭೀರವಾದ ಮಾತು ಬಂದಾಗ ಆ ಇಡೀ ಬಯಲು ಉಸಿರು ಹಿಡಿಯುವುದನ್ನು ಕೇಳಿದ್ದೇನೆ. ನಾಟಕ ಅರ್ಥಮಾಡಿಕೊಳ್ಳುವ ಪ್ರೇಕ್ಷಕರು ಪೇಟೆಯಲ್ಲಷ್ಟೇ ಇದ್ದಾರೆಂಬ ಮಾತನ್ನು ನಾನು ಅಲ್ಲಿ ಬಿಟ್ಟುಬಂದೆ.

ರೈಲಿನಲ್ಲಿ ಬರುವವರು ಒಂದು ನೆನಪಿಡಿ: ಹೊಸದುರ್ಗ ರೋಡ್ ಸ್ಟೇಷನ್ ಹೊಸದುರ್ಗ ಊರಿನಲ್ಲಿಲ್ಲ, ಬಲು ದೂರ. ರಾತ್ರಿ ಇಳಿದು ಪರದಾಡಿದವರು ಬೇಕಾದಷ್ಟು ಜನ. ಹಗಲಿನಲ್ಲೇ ಬಸ್ಸು ಹಿಡಿದು ಊರು ಸೇರಿಕೊಳ್ಳಿ.

ತರಳಬಾಳು ಹುಣ್ಣಿಮೆ ಸಿರಿಗೆರೆಯಲ್ಲೇ ನಡೆಯುತ್ತದಾ?

ಇಲ್ಲ, ಪ್ರತಿ ವರ್ಷ ಊರು ಬದಲಾಗುತ್ತದೆ. ನಡೆಸುವುದು ಸಿರಿಗೆರೆಯ ಬೃಹನ್ಮಠ, ಆದರೆ ಒಂಬತ್ತು ದಿನದ ಹಬ್ಬವನ್ನು ಯಾವುದೋ ಒಂದು ಊರು ಬೇಡಿ ತನ್ನಲ್ಲಿಗೆ ಕರೆಸಿಕೊಳ್ಳುತ್ತದೆ. ಮೊದಲು ನಡೆದದ್ದು 1950ರಲ್ಲಿ, ಜಗಳೂರಿನಲ್ಲಿ. ಹಗಲು ಭಾಷಣ, ಚರ್ಚೆ. ಸಂಜೆಯಾದ ಮೇಲೆ ವೇದಿಕೆ ಮಕ್ಕಳದ್ದು: ವಚನಗೀತೆ, ನೃತ್ಯ, ವೀರಗಾಸೆ, ಮಲ್ಲಗಂಬ. ಮಲ್ಲಗಂಬದ ಹುಡುಗರನ್ನು ನೋಡುವುದಕ್ಕಾದರೂ ಮುಂದಿನ ಸಾಲಿನಲ್ಲಿ ಜಾಗ ಹಿಡಿಯಿರಿ. ಸಿರಿಗೆರೆಯಲ್ಲೇ ನೋಡಬೇಕು ಅನ್ನುವವರು ಸೆಪ್ಟೆಂಬರ್ 24ರ ಸುತ್ತಮುತ್ತ ಹೋಗಿ. ಆ ಮಠದ ಹಿಂದಿನ ಗುರುಗಳಾದ ಲಿಂಗೈಕ್ಯ ಶಿವಕುಮಾರ ಸ್ವಾಮೀಜಿಯವರ ಶ್ರದ್ಧಾಂಜಲಿ ಆಗ ನಡೆಯುತ್ತದೆ.

ದಾವಣಗೆರೆ ದುಗ್ಗಮ್ಮನ ಜಾತ್ರೆ ಈ ವರ್ಷ ಇದೆಯಾ?

ಎರಡು ವರ್ಷಕ್ಕೊಮ್ಮೆ. ಹೋದ ವರ್ಷ ಆಗಿದ್ದರೆ ಈ ವರ್ಷ ಇಲ್ಲ.

ಹಳ್ಳಿ ನಾಟಕ ಎಷ್ಟು ಗಂಟೆಗೆ ಶುರು? ಪೂರ್ತಿ ರಾತ್ರಿ ಕೂರಲೇಬೇಕಾ?

ಕರಪತ್ರದಲ್ಲಿ ರಾತ್ರಿ 9 ಎಂದಿರುತ್ತದೆ. ಪರದೆ ಏಳುವುದು 10.30ಕ್ಕೋ 11ಕ್ಕೋ. ಊರ ಜನ ಊಟ ಮುಗಿಸಿ, ದನಕ್ಕೆ ಮೇವು ಹಾಕಿ ಬರಬೇಕಲ್ಲ. ಆದರೆ ನೀವು 8ಕ್ಕೇ ಹೋಗಿ. ನೇಪಥ್ಯಕ್ಕೆ ಬಿಡುತ್ತಾರಾ ಎಂದು ವಿನಯದಿಂದ ಕೇಳಿ, ಬಹುತೇಕ ಬಿಡುತ್ತಾರೆ. ಬೆಳಗ್ಗೆ ಟ್ರ್ಯಾಕ್ಟರ್ ಹೊಡೆದ ಹುಡುಗ ಕೈಗನ್ನಡಿ ಹಿಡಿದು ಕೂತಿರುತ್ತಾನೆ. ಬಣ್ಣದವರು ಮೊದಲು ಮುಖಕ್ಕೆ ಬಿಳಿ ಬಳಿಯುತ್ತಾರೆ, ಹುಬ್ಬು ತಿದ್ದುತ್ತಾರೆ, ಮೀಸೆಗೆ ಅಂಟು ಹಚ್ಚಿ ಒತ್ತುತ್ತಾರೆ. ಅಂಟು ಒಣಗುವ ತನಕ ಅವನು ಮಾತಾಡುವಂತಿಲ್ಲ, ಕಣ್ಣಲ್ಲೇ ಮಾತು ಬಾಯಿಪಾಠ ಒಪ್ಪಿಸುತ್ತಿರುತ್ತಾನೆ. ಅದೇ ಹೊತ್ತಿಗೆ ಮುಂದೆ ಪೇಟಿ ಮಾಸ್ತರು ಒಂದು ಸ್ವರ ಹಿಡಿದು ನಿಲ್ಲಿಸುತ್ತಾರೆ, ತಬಲದವರು ಸುತ್ತಿಗೆಯಿಂದ ಅಂಚು ತಟ್ಟಿ ಆ ಸ್ವರಕ್ಕೆ ಕೂಡಿಸುತ್ತಾರೆ. ಆಗ ಊರಿನ ಮಕ್ಕಳೆಲ್ಲ ಓಡಿಬಂದು ಚಾಪೆ ಹಾಸುತ್ತಾರೆ.

ಸೀಮೆಗೆ ತಕ್ಕ ಹಾಗೆ ರುಚಿ ಬೇರೆ. ದಾವಣಗೆರೆ, ಜಗಳೂರು ಕಡೆ ಜಾತ್ರೆಗೆ ಸಾಮಾಜಿಕ ನಾಟಕ ಹೆಚ್ಚು. ಗಂಡು ಪಾತ್ರಕ್ಕೆ ಊರ ಹುಡುಗರು, ಹೆಣ್ಣು ಪಾತ್ರಕ್ಕೆ ಹೊರಗಿನಿಂದ ಕರೆಸಿದ ವೃತ್ತಿ ಕಲಾವಿದೆಯರು. ಹಿರಿಯೂರು, ಹೊಸದುರ್ಗ ಕಡೆ ಹೋದರೆ ಕುರುಕ್ಷೇತ್ರದಂಥ ಪೌರಾಣಿಕ ನಾಟಕದ ಹುಚ್ಚು. ಅಲ್ಲಿ ಮಾತಿಗಿಂತ ಕಂದಪದ್ಯ ಮುಖ್ಯ. ಒಂದು ಪದ್ಯ ಚೆನ್ನಾಗಿ ಬಿತ್ತೆಂದರೆ ‘ಒನ್ಸ್ ಮೋರ್’ ಕೂಗಿ ಮತ್ತೆ ಹಾಡಿಸುತ್ತಾರೆ, ಎರಡನೇ ಸಲ ನಿಜಕ್ಕೂ ಇನ್ನೂ ಚೆನ್ನಾಗಿರುತ್ತದೆ. ನಡುನಡುವೆ ಆಟ ನಿಲ್ಲಿಸಿ ಮುಯ್ಯಿ ಓದುತ್ತಾರೆ: ಇಂಥವರ ಮಾವ ಇಷ್ಟು ರೂಪಾಯಿ, ಇಂಥವರ ಅಕ್ಕ ಒಂದು ಉಂಗುರ. ಹೊರಗಿನವರಿಗೆ ಇದು ಬೇಸರ ತರಬಹುದು. ಆದರೆ ಆ ಹುಡುಗ ಮೂರು ತಿಂಗಳು ತಾಲೀಮಿಗೆ ಬಂದದ್ದಕ್ಕೆ ಅವನ ಬಂಧುಬಳಗ ಹೇಳುವ ಮೆಚ್ಚುಗೆ ಅದು. ಗೊಣಗಬೇಡಿ.

ಬಯಲಾಟವಾದರೆ ಬೆಳಗಿನ ತನಕ ಕೂರಲೇಬೇಕು. ಅಟ್ಟದ ಮೇಲೆ ಕಿರೀಟ, ಭುಜಕೀರ್ತಿ ತೊಟ್ಟ ವೇಷ ರಾತ್ರಿ ದೀಪದಲ್ಲಿ ಒಂದು ಥರ, ಹೊತ್ತು ಮೂಡುವಾಗಿನ ಬೆಳಕಿನಲ್ಲಿ ಇನ್ನೊಂದೇ ಥರ ಕಾಣುತ್ತದೆ. ಭಾಗವತರ ದನಿ ನಸುಕಿಗೆ ಸ್ವಲ್ಪ ಒಡೆದು, ಆ ಒಡಕಿನಲ್ಲೇ ಪದ ಏರಿಸುವಾಗ ಮೈ ಜುಮ್ಮೆನ್ನುತ್ತದೆ. ಅರ್ಧಕ್ಕೆ ಎದ್ದುಹೋದವರಿಗೆ ಅದು ಸಿಗುವುದಿಲ್ಲ. ಚಳಿಗೆ ಚಳ್ಳಕೆರೆಯ ಕಂಬಳಿ ಒಂದು ಹೆಗಲ ಮೇಲಿರಲಿ, ಹಾಸಲೂ ಬರುತ್ತದೆ, ಹೊದೆಯಲೂ ಬರುತ್ತದೆ.

ಟಿಕೆಟ್ ಎಷ್ಟು?

ಜಾತ್ರೆ, ಮಠ, ಊರಿನ ನಾಟಕ, ಇವಕ್ಕೆಲ್ಲ ಟಿಕೆಟ್ ಇಲ್ಲ. ಟೆಂಟ್ ಹಾಕಿದ ಕಂಪನಿ ನಾಟಕಕ್ಕೆ ಗೇಟಿನಲ್ಲೇ ಕೊಡುತ್ತಾರೆ.

ಕಂಪನಿ ನಾಟಕ ಇನ್ನೂ ಉಳಿದಿದೆಯಾ?

ಉಳಿದಿದೆ, ಕಷ್ಟದಲ್ಲಿ. ದಾವಣಗೆರೆ ವೃತ್ತಿ ರಂಗಭೂಮಿಯ ತವರುಮನೆಗಳಲ್ಲಿ ಒಂದು. ಇಲ್ಲಿಯ ಚಿಂದೋಡಿ ಲೀಲಾ ಅವರು ಕೆ.ಬಿ.ಆರ್. ಡ್ರಾಮಾ ಕಂಪನಿಯನ್ನು ಹೆಗಲ ಮೇಲೆ ಹೊತ್ತು ನಾಡೆಲ್ಲ ಸುತ್ತಿದರು. 1988ರಲ್ಲಿ ಪದ್ಮಶ್ರೀ ಬಂತು, 2010ರಲ್ಲಿ ತೀರಿಕೊಂಡರು. ಅವರ ನಾಟಕ ನೋಡಲು ಎತ್ತಿನ ಗಾಡಿ ಕಟ್ಟಿಕೊಂಡು ಬಂದವರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ, ಒಂದೊಂದು ಹಾಡನ್ನೂ ಹೇಳಿ ತೋರಿಸುತ್ತಾರೆ. ಈಗ ಸರ್ಕಾರ ವೃತ್ತಿ ರಂಗಭೂಮಿಗೆಂದೇ ಒಂದು ರಂಗಾಯಣವನ್ನು ದಾವಣಗೆರೆಗೆ ಕೊಟ್ಟಿದೆ. ಅಲ್ಲಿಯ ಉತ್ಸವ ಗೊತ್ತಾದರೆ ಬಿಡಬೇಡಿ. ಉಳಿದಂತೆ ದೊಡ್ಡ ಜಾತ್ರೆಗಳ ಬಯಲಿನಲ್ಲಿ ತಗಡಿನ ಥಿಯೇಟರ್ ಎದ್ದಿದೆಯಾ ಎಂದು ಕಣ್ಣಿಟ್ಟು ನೋಡಿ. ಕಂಪನಿ ಕಲಾವಿದರು ದಿನಕ್ಕೆ ಎರಡು ಆಟ ಆಡುತ್ತಾರೆ. ಮಧ್ಯಾಹ್ನದ ಆಟಕ್ಕೆ ಹದಿನೈದು ಜನ ಬಂದರೂ ಅದೇ ಬಣ್ಣ, ಅದೇ ದನಿ. ಆ ಹದಿನೈದರಲ್ಲಿ ನೀವೂ ಒಬ್ಬರಾದರೆ ಅವರಿಗೆ ಅದು ದೊಡ್ಡದು.

ಉರುಮೆ, ಗಣೆ ಎಲ್ಲಿ ಕೇಳಲು ಸಿಗುತ್ತದೆ?

ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರು. ಉರುಮೆಯ ಒಂದು ಮುಖವನ್ನು ಕೋಲಿನಿಂದ ಬಡಿಯುತ್ತಾರೆ, ಇನ್ನೊಂದು ಮುಖದ ಮೇಲೆ ಬಾಗಿದ ಕೋಲನ್ನು ಒತ್ತಿ ಉಜ್ಜುತ್ತಾರೆ. ಆ ಉಜ್ಜಿನಿಂದ ಏಳುವ ಗುಂಯ್ ಎನ್ನುವ ಸದ್ದು ಕಿವಿಗೆ ಮುಟ್ಟುವ ಮೊದಲೇ ಎದೆಗೆ ಮುಟ್ಟುತ್ತದೆ. ದೇವರು ಹೊರಡುವಾಗ, ಹೊಳೆಗೆ ಹೋಗುವಾಗ ಉರುಮೆ ಇಲ್ಲದೆ ಹೆಜ್ಜೆ ಕೀಳುವುದಿಲ್ಲ. ಮ್ಯಾಸಬೇಡರ ಹಟ್ಟಿಗಳಲ್ಲಿ ದೇವರ ಎತ್ತುಗಳ ಹಬ್ಬ ನಡೆಯುವಾಗ ಕೇಳಿ. ದುಡಿಮೆಗೆ ಹೂಡದೆ ದೇವರ ಹೆಸರಿನಲ್ಲಿ ಕಾಪಾಡಿಕೊಂಡು ಬಂದ ಆ ಎತ್ತುಗಳು ವಾದ್ಯದ ಸದ್ದಿಗೆ ಕಿವಿ ನಿಮಿರಿಸುವುದನ್ನು ನೋಡಬೇಕು.

ಗಣೆ ಕಾಡುಗೊಲ್ಲರದು, ಉದ್ದನೆಯ ಬಿದಿರ ಕೊಳಲು. ದನಗಾಹಿ ವೀರ ಜುಂಜಪ್ಪನ ಕೈಯಲ್ಲಿದ್ದ ವಾದ್ಯವೆಂದು ಅದನ್ನು ಪೂಜೆಯ ವಸ್ತುವಾಗಿ ಇಟ್ಟುಕೊಂಡಿದ್ದಾರೆ. ಜುಂಜಪ್ಪನ ಕಥೆಯನ್ನು ಹಾಡುತ್ತ, ನಡುವೆ ಹಾಡು ನಿಲ್ಲಿಸಿ ಗಣೆ ಊದುತ್ತಾರೆ. ದನಿ ತಗ್ಗಿನದು, ಸ್ವಲ್ಪ ಉಸಿರು ಬೆರೆತದ್ದು, ದೂರದಲ್ಲಿ ಯಾರೋ ದನ ಕರೆದ ಹಾಗೆ. ಊದಬಲ್ಲವರು ಈಗ ಬೆರಳೆಣಿಕೆಯಷ್ಟು. ಚಳ್ಳಕೆರೆ ತಾಲ್ಲೂಕಿನ ಪುರ್ಲಹಳ್ಳಿ ಬಳಿಯ ಕ್ಯಾತಪ್ಪನ ಜಾತ್ರೆಗೆ ಹೋದರೆ ಕಾಡುಗೊಲ್ಲರ ಬದುಕು ಹತ್ತಿರದಿಂದ ಕಾಣುತ್ತದೆ. ಮುಳ್ಳಿನಿಂದ ಕಟ್ಟಿದ ಗುಡಿಯ ಮೇಲೆ ಬರಿಗಾಲಲ್ಲಿ ಏರಿ ಕಳಸ ಕೀಳುತ್ತಾರೆ. ಇದು ಅವರ ದೇವರ ಕಾರ್ಯ. ಗುಡಿಕಟ್ಟೆಯ ಹತ್ತಿರ ಚಪ್ಪಲಿ ಬಿಡಿ, ಎಲ್ಲಿಯವರೆಗೆ ಹೋಗಬಹುದೆಂದು ಕೇಳಿಕೊಂಡು ನಿಲ್ಲಿ.

ಹಾಡು ಹೇಳುವ ಅಜ್ಜಿಯರನ್ನು ಭೇಟಿ ಮಾಡಬಹುದಾ? ರೆಕಾರ್ಡ್ ಮಾಡಿಕೊಳ್ಳಬಹುದಾ?

ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯ ಹೆಸರು ಕೇಳಿ ಬರುವವರು ಬಹಳ. ಅಕ್ಷರ ಓದದ ಆ ತಾಯಿಯ ನೆನಪಿನಲ್ಲಿ ಸಾವಿರಾರು ಪದಗಳಿದ್ದವು, ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು. ಅಜ್ಜಿ ಈಗಿಲ್ಲ. ಆದರೆ ಸೋಬಾನೆ, ಬೀಸುವ ಪದ, ದೇವರ ಪದ ಹೇಳುವ ಹೆಣ್ಣುಮಕ್ಕಳು ಹಟ್ಟಿ ಹಟ್ಟಿಯಲ್ಲೂ ಇದ್ದಾರೆ.

ಭೇಟಿ ಮಾಡಿ, ಆದರೆ ಮೊಬೈಲು ಚೀಲದಲ್ಲೇ ಇರಲಿ. ಮೊದಲ ದಿನ ಮಾತಾಡಿ, ಅವರು ಕೊಟ್ಟ ಮಜ್ಜಿಗೆ ಕುಡಿಯಿರಿ. ಶೇಂಗಾ ಬಿಡಿಸುತ್ತಿದ್ದರೆ ನೀವೂ ಕೂತು ನಾಲ್ಕು ಹಿಡಿ ಬಿಡಿಸಿ. ‘ಒಂದು ಪದ ಹೇಳಜ್ಜಿ’ ಅಂದರೆ ‘ಮರ್ತೋಗೈತಪ್ಪ’ ಅನ್ನುತ್ತಾರೆ. ಸುಮ್ಮನಿರಿ. ಹತ್ತು ನಿಮಿಷಕ್ಕೆ ಪಕ್ಕದವರು ಒಂದು ಸಾಲು ಎತ್ತುತ್ತಾರೆ, ಅಜ್ಜಿ ‘ಹಂಗಲ್ಲ ಅದು’ ಎಂದು ತಿದ್ದುತ್ತಾರೆ, ಆಮೇಲೆ ಹಾಡು ನಿಲ್ಲುವುದೇ ಇಲ್ಲ. ರೆಕಾರ್ಡ್ ಮಾಡುವುದಿದ್ದರೆ ಕೇಳಿ ಮಾಡಿ, ಮಾಡಿದ್ದನ್ನು ಅವರಿಗೇ ಮೊದಲು ಕೇಳಿಸಿ, ಎಲ್ಲಾದರೂ ಹಾಕುವುದಿದ್ದರೆ ಒಪ್ಪಿಗೆ ಪಡೆದು ಅವರ ಹೆಸರು, ಊರು ಹಾಕಿ. ಹೆಸರಿಲ್ಲದೆ ಓಡಾಡುವ ಹಾಡುಗಳನ್ನು ಕಂಡಾಗ ನನಗೆ ಹೊಟ್ಟೆ ಉರಿಯುತ್ತದೆ.

ಲಂಬಾಣಿ ಹಾಡು-ಕುಣಿತ ನೋಡಲು?

ಸೂರಗೊಂಡನಕೊಪ್ಪ, ಫೆಬ್ರುವರಿ ನಡುವೆ. ಸಂತ ಸೇವಾಲಾಲರು ಹುಟ್ಟಿದ ಜಾಗವೆಂದು ದೇಶದ ಮೂಲೆಮೂಲೆಯಿಂದ ಬಂಜಾರರು ನಡೆದು ಬರುತ್ತಾರೆ. ವೇದಿಕೆಯ ಕಾರ್ಯಕ್ರಮಕ್ಕಿಂತ ರಾತ್ರಿ ಬಿಡಾರಗಳ ಮುಂದೆ ಹೆಂಗಸರು ಸುತ್ತುಗಟ್ಟಿ ಹಾಡುವುದು ಹೆಚ್ಚು ಚೆಂದ. ಕನ್ನಡಿ ಹೊಲಿದ ಲಂಗ ತಿರುಗುವಾಗ ಬೆಂಕಿಯ ಬೆಳಕು ಅದರಲ್ಲಿ ಒಡೆದು ಹರಡುತ್ತದೆ.

ಶಾಸ್ತ್ರೀಯ ಸಂಗೀತ, ಚಿತ್ರಕಲೆ ಏನಾದರೂ ಇದೆಯಾ?

ಇದೆ. ಕರ್ನಾಟಕ ಸಂಗೀತವೂ ಹಿಂದೂಸ್ತಾನಿಯೂ ಕೂಡುವ ಗಡಿ ನಮ್ಮದು. ದಾವಣಗೆರೆ ಕಡೆ ಗದುಗಿನ ಪಂಚಾಕ್ಷರ ಗವಾಯಿ, ಪುಟ್ಟರಾಜ ಗವಾಯಿಗಳ ಪರಂಪರೆಯ ಪ್ರಭಾವ ದೊಡ್ಡದು. ಶ್ರಾವಣದಲ್ಲಿ ಮಠಗಳ ಪುರಾಣ-ಪ್ರವಚನಕ್ಕೆ ಹೋದರೆ ಆ ಪರಂಪರೆಯ ಗಾಯಕರ ವಚನ ಗಾಯನ ಸಿಗುತ್ತದೆ. ಪ್ರವಚನ ಶುರುವಾಗುವ ಮುಂಚಿನ ಅರ್ಧ ಗಂಟೆಯನ್ನು ತಪ್ಪಿಸಿಕೊಳ್ಳಬೇಡಿ. ಚಿತ್ರಕಲೆಗೆ ದಾವಣಗೆರೆ ವಿಶ್ವವಿದ್ಯಾನಿಲಯದ ದೃಶ್ಯಕಲಾ ಮಹಾವಿದ್ಯಾಲಯ ಇದೆ, ವಿದ್ಯಾರ್ಥಿಗಳ ಪ್ರದರ್ಶನ ಇದ್ದಾಗ ಹೋಗಿ. ಚಿತ್ರದುರ್ಗದಲ್ಲಿ ಒಳಾಂಗಣ ಕಾರ್ಯಕ್ರಮವೆಂದರೆ ಹೆಚ್ಚಿನವು ತ.ರಾ.ಸು. ರಂಗಮಂದಿರದಲ್ಲಿ.

ನಮ್ಮ ಊರಿಗೆ, ಮದುವೆಗೆ, ಶಾಲೆಗೆ ಒಂದು ತಂಡ ಕರೆಸಬೇಕು. ಹೇಗೆ?

ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿದರೆ ಕಲಾತಂಡಗಳ ಮಾಹಿತಿ ಸಿಗುತ್ತದೆ. ಅದಕ್ಕಿಂತ ಒಳ್ಳೆಯದು ಒಂದು ಜಾತ್ರೆಯಲ್ಲಿ ಕಣ್ಣಾರೆ ನೋಡಿ, ಮುಖ್ಯಸ್ಥರ ಹತ್ತಿರ ಮಾತಾಡುವುದು. ಡೊಳ್ಳು, ವೀರಗಾಸೆ, ನಂದಿಕೋಲು, ಸಮಾಳ, ಉರುಮೆ, ದುರ್ಗದ ಖಾಸಾ ಬೇಡರ ಪಡೆ: ನಿಮ್ಮ ಸಂದರ್ಭಕ್ಕೆ ಯಾವುದು ಒಪ್ಪುತ್ತದೆಂದು ಅವರನ್ನೇ ಕೇಳಿ. ವೀರಗಾಸೆ, ನಂದಿಕೋಲು ದೈವದ ಕಲೆಗಳು, ಎಲ್ಲೆಂದರಲ್ಲಿ ನಿಲ್ಲಿಸಿ ಕುಣಿಸುವಂಥವಲ್ಲ.

ಸಂಭಾವನೆಯನ್ನು ಮೊದಲೇ ಮಾತಾಡಿ, ಅರ್ಧ ಮುಂಗಡ ಕೊಡಿ, ಉಳಿದದ್ದನ್ನು ಅವರು ಬಸ್ಸು ಹತ್ತುವ ಮುಂಚೆ ಕೈಗಿಡಿ. ಗಾಡಿಬಾಡಿಗೆ, ಊಟ, ಮಲಗಲು ಜಾಗ, ವೇಷ ಬದಲಿಸಲು ಒಂದು ಕೋಣೆ, ಅದರಲ್ಲೂ ತಂಡದಲ್ಲಿ ಹೆಣ್ಣುಮಕ್ಕಳಿದ್ದರೆ ಬಾಗಿಲು ಇರುವ ಕೋಣೆ, ಇವು ನಿಮ್ಮ ಹೊಣೆ. ಒಮ್ಮೆ ನಾನೇ ಒಪ್ಪಿಸಿ ಕರೆದುಕೊಂಡು ಹೋದ ತಂಡವನ್ನು ಸಂಘಟಕರೊಬ್ಬರು ಮಧ್ಯಾಹ್ನ 2ರಿಂದ ಬಿಸಿಲಲ್ಲಿ ನಿಲ್ಲಿಸಿ, ಅತಿಥಿಗಳ ಭಾಷಣವೆಲ್ಲ ಮುಗಿದ ಮೇಲೆ ರಾತ್ರಿ ಹತ್ತು ನಿಮಿಷ ಕೊಟ್ಟರು. ಎಪ್ಪತ್ತು ದಾಟಿದ ಸಮಾಳದ ಹಿರಿಯರು ವಾದ್ಯ ಕೆಳಗಿಳಿಸದೆ ಅಷ್ಟು ಹೊತ್ತೂ ಕೊರಳಿಗೆ ಹಾಕಿಕೊಂಡೇ ನಿಂತಿದ್ದರು, ಯಾವಾಗ ಕರೆಯುತ್ತಾರೋ ಎಂದು. ವಾಪಸ್ ಬರುವಾಗ ನನಗೆ ಒಂದು ಮಾತೂ ಅನ್ನಲಿಲ್ಲ. ಅದೇ ನನಗೆ ಇವತ್ತಿಗೂ ಕೊರೆಯುತ್ತದೆ. ದಯವಿಟ್ಟು ಕಲೆಯನ್ನು ಮೆರವಣಿಗೆಯ ಅಲಂಕಾರಕ್ಕೆಂದು ಕರೆಸಬೇಡಿ. ಅರ್ಧ ಗಂಟೆಯಾದರೂ ಜನ ಕೂತು ನೋಡುವ ಹಾಗೆ ಜಾಗ ಮಾಡಿ ಕರೆಸಿ.

ರಾತ್ರಿಯಿಡೀ ಮೈಕ್ ಹಾಕಬಹುದಾ?

2000ದ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಸಂದರ್ಭಕ್ಕೆ ವರ್ಷದಲ್ಲಿ 15 ದಿನ ಮೀರದಂತೆ ರಾತ್ರಿ 12ರವರೆಗೆ ಸಡಿಲಿಸಲು ಸರ್ಕಾರಕ್ಕೆ ಅವಕಾಶವಿದೆ. ಪೊಲೀಸ್ ಠಾಣೆಯಲ್ಲಿ ಲಿಖಿತ ಅನುಮತಿ ಮೊದಲೇ ಪಡೆಯಿರಿ. ಎಷ್ಟೋ ಊರುಗಳು ಈಗ ಸಂಜೆ 6ಕ್ಕೇ ಆಟ ಶುರು ಮಾಡುತ್ತಿವೆ, ಕೆಲವರು 12ರ ಮೇಲೆ ಮೈಕಿಲ್ಲದೆ ಮುಂದುವರಿಸುತ್ತಾರೆ. ಮೈಕಿಲ್ಲದ ಬಯಲಾಟ ಒಮ್ಮೆ ಕೇಳಿ. ಹಿಂದಿನವರ ದನಿ ಹೇಗಿದ್ದಿರಬೇಕೆಂದು ಗೊತ್ತಾಗುತ್ತದೆ.

ಊಟ, ವಸತಿ, ಚಿಕ್ಕ ಮಕ್ಕಳು?

ಮಠಗಳಲ್ಲಿ ದಾಸೋಹ ಇದ್ದೇ ಇರುತ್ತದೆ. ಊರ ನಾಟಕಕ್ಕೆ ಹೋದರೆ ಯಾರಾದರೂ ಕರೆದು ಊಟ ಹಾಕದೆ ಬಿಡುವುದಿಲ್ಲ, ಸಂಕೋಚ ಬೇಡ. ನಡುರಾತ್ರಿ ಹಸಿವಿಗೆ ಮಂಡಕ್ಕಿ-ಮಿರ್ಚಿ ಅಂಗಡಿ ಬೆಳಗಿನ ತನಕ ತೆರೆದಿರುತ್ತದೆ. ವಸತಿಗೆ ದಾವಣಗೆರೆ ಅಥವಾ ಚಿತ್ರದುರ್ಗದಲ್ಲಿ ಕೋಣೆ ಹಿಡಿಯಿರಿ. ಎರಡರ ನಡುವೆ ಹೆದ್ದಾರಿಯಲ್ಲಿ ಸುಮಾರು 60 ಕಿ.ಮೀ. ರಾತ್ರಿ ಹಳ್ಳಿ ಬಸ್ಸು ಇರುವುದಿಲ್ಲ, ಬೆಳಗಿನ ಮೊದಲ ಬಸ್ಸಿನ ಸಮಯ ಸಂಜೆಯೇ ಕೇಳಿಟ್ಟುಕೊಳ್ಳಿ. ಮಕ್ಕಳನ್ನು ಖಂಡಿತ ಕರೆತನ್ನಿ. ನಾಯಕನಹಟ್ಟಿ, ದುಗ್ಗಮ್ಮನ ಜಾತ್ರೆಯ ನೂಕುನುಗ್ಗಲಲ್ಲಿ ಮಾತ್ರ ಕೈ ಬಿಡಬೇಡಿ, ಜೇಬಿನಲ್ಲಿ ಫೋನ್ ನಂಬರಿನ ಚೀಟಿ ಇಡಿ.

ಕಲಿಯಬೇಕು ಅನ್ನಿಸಿದೆ. ಯಾರು ಕಲಿಸುತ್ತಾರೆ?

ನಾಟಕಕ್ಕೆ ಸಾಣೇಹಳ್ಳಿಯಲ್ಲಿ ರಂಗಶಿಕ್ಷಣದ ಶಾಲೆಯೇ ಇದೆ. ಉರುಮೆ, ಸಮಾಳ, ಬಯಲಾಟಕ್ಕೆ ಶಾಲೆ ಇಲ್ಲ, ಮನೆಯೇ ಶಾಲೆ. ತಾಲೀಮು ನಡೆಯುವ ತಿಂಗಳುಗಳಲ್ಲಿ ಹೋಗಿ ಮೂಲೆಯಲ್ಲಿ ಕೂರಿ. ನಾಲ್ಕನೇ ರಾತ್ರಿಗೆ ಯಾರೋ ನಿಮ್ಮ ಕೈಗೆ ತಾಳ ಕೊಡುತ್ತಾರೆ.

ನಮ್ಮೂರ ನಾಟಕವನ್ನೂ ನಿಮ್ಮ ಕ್ಯಾಲೆಂಡರಿಗೆ ಸೇರಿಸುತ್ತೀರಾ?

ಸಂತೋಷದಿಂದ. ಕರಪತ್ರದ ಫೋಟೊ ಕಳಿಸಿದರೆ ಸಾಕು. ಯಾವ ವರ್ಷದ್ದು ಎಂದು ಬರೆಯಿರಿ, ಊರಿಗೆ ಬರುವ ಕೊನೆಯ ಬಸ್ಸು ಯಾವುದೆಂದೂ ಬರೆಯಿರಿ. ಫೋಟೊ ತೆಗೆಯುವಾಗ ಕರಪತ್ರದ ಕೆಳತುದಿ ತಪ್ಪಿಹೋಗದಂತೆ ನೋಡಿಕೊಳ್ಳಿ. ಪೇಟಿ, ತಬಲ, ಬಣ್ಣ, ಸೀನರಿಯವರ ಹೆಸರು ಅಚ್ಚಾಗಿರುವುದು ಅಲ್ಲೇ.